ಹದಿನಾಲ್ಕೆಕರೆಯ ಗೋಡೆ ಪಕ್ಕ

ಫೆಬ್ರವರಿ 11, 2003. ಮಂಗಳವಾರ

ಏಳಕ್ಕೆ ಹೆಡ್ಲಿಯ ಮಾತ್ರೆ. ಬಿಳಿಯದು ಎರಡು, ಹಳದಿ ಒಂದು. ಮೊಟ್ಟೆ ಬೇಯಿಸಿಕೊಟ್ಟೆ, ಅರ್ಧ ತಿಂದ. ಮಿಕ್ಕರ್ಧ ನಾನು ತಿಂದೆ. ಹೊರಗೆ ಹೆಪ್ಪುಗಟ್ಟಿದ ಇಬ್ಬನಿ. ಕಿಟಕಿಯಿಂದ ನೋಡಿದರೆ ಹದಿನಾಲ್ಕೆಕರೆ ಹೊಲದ ಉಬ್ಬು ದಿಂಡುಗಳ ನೆತ್ತಿ ಹಸಿರು, ನಡುವಿನ ತಗ್ಗು ಸಾಲುಗಳು ಬಿಳಿ. ಯಾರೋ ದೊಡ್ಡ ಬಾಚಣಿಗೆಯಿಂದ ಹುಲ್ಲುಗಾವಲು ಬಾಚಿಟ್ಟಂತೆ. ಕ್ಲೆಮ್‌ನ ಕುರಿಗಳು ಎಂದಿನಂತೆ ದಿಂಡಿನ ಮೇಲೇ ಮಲಗಿದ್ದವು. ತೇವದ ಸಾಲಿಗೆ ಇಳಿಯುವುದಿಲ್ಲ.

ಹನ್ನೊಂದಕ್ಕೆ ನೊರೀನ್ ಬಂದಳು. ಊರ ಪಂಚಾಯಿತಿಯ ಕಾಗದಪತ್ರವೆಲ್ಲ ಇವಳ ಕೈಯಲ್ಲೇ. ಚಹಾ ಬೇಡ ಎಂದಳು, ಅಂದರೆ ಕೆಟ್ಟ ಸುದ್ದಿ.

"ಏವಿಸ್, ಚರ್ಚಿನ ಹಿಂದೆ ಇನ್ನು ಒಂದೇ ಒಂದು ಗುಂಡಿಗೂ ಜಾಗ ಇಲ್ಲ ಕಣೇ. ಗ್ಯಾಮನ್ ಅಜ್ಜಿದೇ ಕೊನೇದು."

ಒಳಗಿನಿಂದ ಹೆಡ್ಲಿ: "ಅದನ್ನ ನನಗೆ ಹೇಳ್ತೀಯಾ? ಅದನ್ನ ತೋಡಿದ್ದು ಯಾರು ಮತ್ತೆ?" ಆಮೇಲೆ ಉದ್ದನೆಯ ಕೆಮ್ಮು.

ನನ್ನ ಗಂಡ, ಮೂವತ್ತೊಂದು ವರ್ಷ ಈ ಟಿಲ್ಬಿ ಊರಿನವರಿಗೆಲ್ಲ ಗುಂಡಿ ತೋಡಿದವನು. ಇನ್ನು ಮುಂದೆ ಹೋಗುವವರಿಗೆ ಪಟ್ಟಣದ ಸ್ಮಶಾನವೇ ಗತಿ. ಒಂಬತ್ತು ಮೈಲಿ, ಎರಡು ಬಸ್ಸು.

ಒಂದು ದಾರಿಯಿದೆಯಂತೆ. ನನ್ನ ಅಣ್ಣ ಕ್ಲೆಮ್ ಹದಿನಾಲ್ಕೆಕರೆಯಲ್ಲಿ ಚರ್ಚಿನ ಗೋಡೆ ಪಕ್ಕದ ಒಂದೆಕರೆ ಊರಿಗೆ ಬಿಟ್ಟುಕೊಡುತ್ತಾನೆ. ಸುಮ್ಮನೇ. ಆದರೆ ದಿಂಡು-ಸಾಲುಗಳು ಎಂಟುನೂರು ವರ್ಷ ಹಳೆಯವು, ಎತ್ತು ಕಟ್ಟಿ ಉತ್ತ ಕಾಲದವು. ಕೌಂಟಿ ಕಚೇರಿ, ಅಂದರೆ ಜಿಲ್ಲೆಯವರು, ಒಪ್ಪಬೇಕು.

ಫೆಬ್ರವರಿ 20

ಡಾಕ್ಟರ್ ಹೆಡ್ಲಿಯನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಎಲೆ ಉದುರುವ ಹೊತ್ತಿನವರೆಗೆ ಎಂದರು. ಅದಕ್ಕಿಂತ ಮುಂಚೆಯೂ ಇರಬಹುದು.

ಕಾರಿನಲ್ಲಿ ಹೆಡ್ಲಿ ಕೇಳಿದ: "ಎಷ್ಟು ದಿನ ಅಂದ್ರು?"

"ಏನೂ ಹೇಳಲಿಲ್ಲ."

"ನಿನಗೆ ಸುಳ್ಳು ಹೇಳೋಕೆ ಬರಲ್ಲ. ಕಿವಿ ಕೆಂಪಗಾಗತ್ತೆ."

ಸ್ವಲ್ಪ ದೂರ ಹೋದ ಮೇಲೆ ತಾನೇ ಅಂದ: "ಸುಡಬೇಡ. ಪಟ್ಟಣಕ್ಕೂ ಒಯ್ಯಬೇಡ. ಊರಿಗೆಲ್ಲ ಮುನ್ನೂರು ಗುಂಡಿ ತೋಡಿದೀನಿ, ನನಗೆ ಒಂದು ಬೇಡ್ವಾ?"

ನಗಿಸಲು ಹೇಳಿದ. ನಕ್ಕೆ.

ಮಾರ್ಚ್ 4

ಕೌಂಟಿ ಕಚೇರಿಯಿಂದ ಮಿಸ್ ಪೆಲ್ ಬಂದಿದ್ದರು. ಹಳೆಯ ಹೊಲಗಳ ಗುರುತು ನೋಡುವ ಕೆಲಸ. ಮೂವತ್ತು ದಾಟಿರಲಿಕ್ಕಿಲ್ಲ. ಕಾಲಿಗಿಂತ ಬೂಟೇ ದೊಡ್ಡದು. ಗೋಡೆ ಪಕ್ಕ ನಿಂತು ಕೈಯಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದರು.

"ನೋಡಿ, ದಿಂಡು ನೇರ ಇಲ್ಲ, ತುದೀಲಿ ಬಳುಕತ್ತೆ. ಎಂಟು ಎತ್ತು ಕಟ್ಟಿದ ನೇಗಿಲು ಗಕ್ಕಂತ ತಿರುಗೋಕಾಗಲ್ಲ. ಸ್ವಲ್ಪ ಮುಂಚೆಯಿಂದಾನೇ ಬಾಗ್ತಾ ಬರಬೇಕು. ಆ ಎತ್ತುಗಳ ತಿರುವು ಇನ್ನೂ ಇಲ್ಲೇ ಇದೆ."

ಅರವತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಬಳುಕಿದೆ ಎಂದು ಇವತ್ತು ಕಂಡಿತು.

"ಇದಕ್ಕೆ ಯಾರೂ ಕೈ ಹಚ್ಚಿಲ್ಲ ಅಂದ್ರೆ ಗುಂಡಿ ತೋಡೋಕೆ ನಾವು ಬಿಡಲ್ಲ. ನಮ್ಮ ಕಾಲದಲ್ಲಿ ಕದಡಿದ್ರೆ ಮಾತು ಬೇರೆ. ಉಳಿಸೋಕೆ ಅಲ್ಲೇನೂ ಇರಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಊಟಕ್ಕೆ ಬೆಳೆ ಬೇಕು ಅಂತ ಎಷ್ಟೋ ಹುಲ್ಲುಗಾವಲು ಉತ್ತುಬಿಟ್ರು. ನಿಮಗೇನಾದ್ರೂ ನೆನಪಿದೆಯಾ ಏವಿಸ್ ಅವರೇ?"

ಇದೆ ಎಂದೆ. ಬಾಯಿಂದ ಬಂದೇಬಿಟ್ಟಿತು.

ಹೊಲದ ಹಳಬರು ಎಂದು ನನಗೂ ಕ್ಲೆಮ್‌ಗೂ ಒಂದೊಂದು ಫಾರಂ ಅಂಚೆಯಲ್ಲಿ ಬರುತ್ತದಂತೆ.

ಮಾರ್ಚ್ 9

ಇದೆಯಾ?

ನನಗಾಗ ಆರು. ಗೋಡೆಯ ಮೇಲೆ ಕೂತಿದ್ದೆ. ತಣ್ಣನೆಯ ಕಲ್ಲು, ತೊಡೆ ಉರಿಯುತ್ತಿತ್ತು. ಕೆಳಗೆ ಕಪ್ಪು ಮಣ್ಣು. ಬುಟ್ಟಿಯಲ್ಲಿ ಆಲೂಗಡ್ಡೆ. ಗ್ಯಾಮನ್ ಅಜ್ಜಿ, ಆಗಿನ್ನೂ ಹುಡುಗಿ, ತಲೆಗೆ ಚೌಕ ಕಟ್ಟಿಕೊಂಡಿದ್ದಳು. ಇದು ಖಂಡಿತ.

ಅಪ್ಪ, ಎರಡು ಕುದುರೆ, ನೇಗಿಲು, ಹಿಂದೆ ಬಿಳಿ ಹಕ್ಕಿಗಳ ಹಿಂಡು. ಇದೂ ಖಂಡಿತ.

ಎರಡೂ ಒಂದೇ ದಿನವಾ? ಒಂದೇ ಹೊಲವಾ? ಕಣ್ಣು ಮುಚ್ಚಿದರೆ ಅಪ್ಪ ಗೋಡೆಯ ತನಕ ಬಂದು ಕುದುರೆ ತಿರುಗಿಸುತ್ತಾನೆ. ಇನ್ನೊಮ್ಮೆ ಮುಚ್ಚಿದರೆ ಗೋಡೆಯೇ ಇಲ್ಲ.

ಮಾರ್ಚ್ 13. ಮಧ್ಯಾಹ್ನ ಮೂರು

ಫಾರಂ ಬಂದಿದೆ. 'ಈ ಹೊಲವನ್ನು ಎಂದಾದರೂ ಉತ್ತದ್ದುಂಟೇ? ಪೂರ್ತಿಯಾಗಿಯೇ, ಭಾಗಶಃ ಮಾತ್ರವೇ?'

ಗೋಡೆ ಪಕ್ಕ ಮಾತ್ರ ಎಂದು ಬರೆಯಲು ಹೊರಟೆ. ಆಮೇಲೆ ಅನ್ನಿಸಿತು, ಒಂದು ಮೂಲೆ ಎಂದರೆ ಇದು ಯಾವ ಲೆಕ್ಕ ಎನ್ನುತ್ತಾರೆ. ಮುದುಕಿಗೆ ಅರೆಬರೆ ನೆನಪು ಎನ್ನುತ್ತಾರೆ. ಒಳಗೆ ಹೆಡ್ಲಿ ಕೆಮ್ಮುತ್ತಿದ್ದ. ನಿಲ್ಲುತ್ತಲೇ ಇರಲಿಲ್ಲ.

'1943ರಲ್ಲಿ ನಮ್ಮ ತಂದೆ ಕುದುರೆ ಕಟ್ಟಿ ಇಡೀ ಹೊಲ ಉತ್ತರು. ನಾನೇ ಕಂಡಿದ್ದೇನೆ.'

ರುಜು ಹಾಕಿದೆ. ಅಂಚೆ ಡಬ್ಬಕ್ಕೆ ಹಾಕಿಯೂ ಬಂದೆ. ಬರುವಾಗ ಕಿವಿ ಮುಟ್ಟಿ ನೋಡಿಕೊಂಡೆ. ಬಿಸಿ. ಗಾಳಿಗೂ ಇರಬಹುದು...

ಏಪ್ರಿಲ್ 8

ಕ್ಲೆಮ್ ಬಂದ. ಬೂಟು ಬಿಚ್ಚಲಿಲ್ಲ. ಅಡಿಗೆಮನೆಯ ತುಂಬ ಕುರಿ ಗೊಬ್ಬರ.

"ಅಪ್ಪ ಇಡೀ ಹೊಲ ಉತ್ತರು ಅಂತ ಬರೆದಿದ್ದೀಯಂತೆ?"

"ನಿನಗ್ಯಾರು ಹೇಳಿದ್ರು?"

"ಆ ಹುಡುಗಿ ಫೋನ್ ಮಾಡಿತ್ತು. ನಿಮ್ಮಿಬ್ಬರ ಮಾತು ಒಂದಕ್ಕೊಂದು ಕೂಡಿಬರ್ತಿಲ್ಲ ಅಂತು. ಹೆಂಗೆ ಕೂಡಿಬರತ್ತೆ? ಆ ಹೊಲಕ್ಕೆ ಯಾರೂ ಯಾವತ್ತೂ ನೇಗಿಲು ಇಟ್ಟಿಲ್ಲ. ನಾನು ಹಂಗೇ ಬರೆದಿದೀನಿ."

"ನಾನು ಕಣ್ಣಾರೆ ಕಂಡಿದೀನಿ ಕ್ಲೆಮ್."

"ನಿನಗಾಗ ಆರು ವರ್ಷ. ಮೂಗು ಒರೆಸ್ಕೊಳ್ಳೋಕೂ ಬರ್ತಿರಲಿಲ್ಲ."

"ನಿನಗೆ ಹತ್ತು. ಮಹಾ ದೊಡ್ಡ ಮನುಷ್ಯ!"

"ಜಾಗ ಕೊಡ್ತೀನಿ ಅಂದಿದೀನಲ್ಲ, ಇನ್ನೇನು ಬೇಕು? ಸುಳ್ಳು ಸಾಕ್ಷೀನೂ ಹೇಳಬೇಕಾ?"

ನಾನು ಏನೋ ಅಂದೆ. ಬರೆಯಲಾರೆ. ಅವನಿಗೆ ಹೆಂಡತಿ ಮಕ್ಕಳಿಲ್ಲದ್ದರ ಬಗ್ಗೆ. ಅವನು ಬಾಗಿಲು ಹಾಕಿಕೊಳ್ಳದೆ ಹೋದ.

ಏಪ್ರಿಲ್ 27. ಭಾನುವಾರ

ಚರ್ಚಿನಲ್ಲಿ ಕ್ಲೆಮ್ ಕಂಬದ ಆಚೆ ಕೂತ. ಎಂದೂ ನಮ್ಮ ಸಾಲಿನಲ್ಲೇ ಕೂರುವವನು. ಹೆಡ್ಲಿ ಹಾಡುವುದಿಲ್ಲ ಈಗ, ಉಸಿರು ಸಾಲದು, ಪುಸ್ತಕ ಹಿಡಿದು ನಿಲ್ಲುತ್ತಾನಷ್ಟೇ.

ಮೇ 19

ಪೆಲ್ ಪತ್ರ. ಇಬ್ಬರ ಹೇಳಿಕೆ ಬೇರೆ ಬೇರೆ ಇರುವುದರಿಂದ ಹೊಲದಲ್ಲಿ ಅಗೆದು ನೋಡದೆ ನಿರ್ಧರಿಸಲಾಗದು. ಇಡೀ ಹೊಲ ಉತ್ತಿದ್ದರೆ ಮಧ್ಯದಲ್ಲಿ ಗೊತ್ತಾಗುತ್ತದೆ, ಅಲ್ಲೇ ಒಂದು ಕಂದಕ. ಅಗೆಯುವವರಿಗೆ ಜೂನ್ ಕೊನೆಗಲ್ಲದೆ ಬಿಡುವಿಲ್ಲ.

ಜೂನ್ ಕೊನೆ. ಹೆಡ್ಲಿ ಈಗ ಮೆಟ್ಟಿಲು ಹತ್ತುವುದಿಲ್ಲ. ಮಂಚ ಕೆಳಗೆ ತರಿಸಿದೆ, ಕಿಟಕಿ ಪಕ್ಕ. ದಿಂಡುಗಳ ಮೇಲೆ ಹಳದಿ ಹೂ ಬಂದಿದೆ. ಸಾಲುಗಳಲ್ಲಿ ಇಲ್ಲ.

ಜೂನ್ 30

ಅಗೆಯಲು ಶುರು. ಒಂದು ದಿಂಡಿನ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ, ಅಡ್ಡಕ್ಕೆ. ಹೆಡ್ಲಿ ದಿಂಬಿಗೆ ಒರಗಿ ಇಡೀ ದಿನ ನೋಡಿದ.

"ಆ ಕನ್ನಡಕದವನು ಸಲಿಕೆ ಹಿಡಿಯೋದು ನೋಡು, ಸೂಪ್ ಕುಡಿಯೋ ಹಂಗೆ."

"ಸುಮ್ನಿರು, ಮಾತಾಡಿದ್ರೆ ಕೆಮ್ಮು ಬರತ್ತೆ."

"ಅಂಚು ಮಾತ್ರ ಚೆನ್ನಾಗಿ ನೇರ ಕೊಯ್ದಿದಾರೆ." ಎಷ್ಟೋ ದಿನದ ಮೇಲೆ ಒಂದು ಬಟ್ಟಲು ಪಾಯಸ ಪೂರ್ತಿ ತಿಂದ.

ಜುಲೈ 15

ಪೆಲ್ ತಾವೇ ಬಂದು ಹೇಳಿದರು. ಮುಖ ನೋಡಲು ಅವರಿಗೂ ಕಷ್ಟ, ನನಗೂ.

"ಮಣ್ಣಿನ ಪದರ ಒಂದಿಷ್ಟೂ ಕದಡಿಲ್ಲ. ಎತ್ತಿನ ಕಾಲದಲ್ಲಿ ಹೆಂಗೆ ಬಿಟ್ರೋ ಹಂಗೇ ಇದೆ. ನಿಮ್ಮ ತಂದೆ ಇದನ್ನ ಉತ್ತಿರೋಕೆ ಸಾಧ್ಯ ಇಲ್ಲ."

"ಹಾಗಾದ್ರೆ ನಾನು ಕಂಡದ್ದು..."

"ಬೇರೆ ಹೊಲ ಇರಬಹುದು. ಹೀಗೆ ಬೇಕಾದಷ್ಟು ಆಗತ್ತೆ. ಬೇಜಾರು ಮಾಡ್ಕೋಬೇಡಿ."

ಪೂರ್ತಿ ಹೊಲವೇ ಹೀಗಿರಬೇಕು ಎಂದು ಅವರ ಲೆಕ್ಕ. ಅರ್ಜಿ ಬಿದ್ದುಹೋದ ಹಾಗೆಯೇ. ಗೋಡೆ ಪಕ್ಕ ಮಾತ್ರ ಬೇರೆ ಎಂದು ಈಗ ಹೇಳಿದರೆ ಯಾರು ನಂಬುತ್ತಾರೆ? ನನಗೇ ನಂಬಿಕೆಯಿಲ್ಲ. ಕುದುರೆ ಸುಳ್ಳಾದರೆ ಆಲೂಗಡ್ಡೆಯೂ ಸುಳ್ಳೇ ಇರಬೇಕು. ಅವರನ್ನು ಬಾಗಿಲವರೆಗೆ ಕಳಿಸಿ ಬಂದೆ.

ಹೆಡ್ಲಿ ಎಲ್ಲ ಕೇಳಿಸಿಕೊಂಡಿದ್ದ.

"ಸುಳ್ಳು ಬರೆದ್ಯಾ?"

"ಗೊತ್ತಿಲ್ಲ ಹೆಡ್ಲಿ. ನಿಜವಾಗ್ಲೂ ಗೊತ್ತಿಲ್ಲ."

"ನನಗೋಸ್ಕರ ಅಂದ್ರೆ ಇನ್ನೊಂಚೂರು ಚೆನ್ನಾಗಿ ಹೇಳಬೇಕಿತ್ತು ಮಾರಾಯ್ತಿ."

ಕೈ ಹಿಡಿದುಕೊಂಡ. ಅವನ ಅಂಗೈಯ ಗಟ್ಟಿ ಚರ್ಮವೆಲ್ಲ ಮೆತ್ತಗಾಗಿದೆ. ಯಾವಾಗ ಆಯಿತೋ, ಗಮನಿಸಲೇ ಇಲ್ಲ.

ಆಗಸ್ಟ್ 6

ಇಂಥ ಸೆಖೆ ಕಂಡಿಲ್ಲ. ದಿಂಡೆಲ್ಲ ಒಣಗಿ ಕಂದು, ಸಾಲು ಮಾತ್ರ ಹಸಿರು. ಚಳಿಯಲ್ಲಿ ಕಂಡದ್ದಕ್ಕೆ ತಿರುಗುಮುರುಗು. ನರ್ಸ್ ದಿನಕ್ಕೆರಡು ಬಾರಿ ಬರುತ್ತಾಳೆ. ಒದ್ದೆ ಬಟ್ಟೆ ಹಣೆಗೆ. ನೀರು ಚಮಚದಲ್ಲಿ.

ಆಗಸ್ಟ್ 10

ಉಸಿರು ಎಣಿಸುತ್ತಿದ್ದೇನೆ. ನೊರೀನ್ ಸೂಪ್ ತಂದಿಟ್ಟು ಹೋದಳು. ಯಾರಿಗೆ?

ಆಗಸ್ಟ್ 29

ಹತ್ತೊಂಬತ್ತನೇ ತಾರೀಖು ಪಟ್ಟಣದಲ್ಲಿ ಆಯಿತು.

ಅಷ್ಟೇ ಬರೆಯೋಣ ಎಂದು ಕೂತೆ. ಇನ್ನೊಂದು ಸಾಲು. ಗುಂಡಿ ಯಂತ್ರದಲ್ಲಿ ತೋಡಿದ್ದರು. ಅಂಚು ನೇರವಿರಲಿಲ್ಲ, ಒಂದು ಮೂಲೆ ಕುಸಿದಿತ್ತು. ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ ಮುಚ್ಚಿದ್ದರು. ಅವನು ಕಂಡಿದ್ದರೆ ಕೋಟು ಬಿಚ್ಚಿ ತಾನೇ ಇಳಿಯುತ್ತಿದ್ದ.

ಎಡಗಡೆ ಯಾರೋ ಡಂಕರ್ಲಿ. ಬಲಗಡೆ ಇನ್ನೂ ಖಾಲಿ. ಒಬ್ಬರದ್ದೂ ಪರಿಚಯವಿಲ್ಲ ಅವನಿಗೆ.

ಕ್ಲೆಮ್ ಬಂದಿದ್ದ. ಕರಿ ಕೋಟು ಬಿಗಿಯಾಗಿತ್ತು. "ಒಳ್ಳೇ ಮನುಷ್ಯ" ಎಂದ. ನಾನು "ಹೂಂ" ಎಂದೆ. ಏಪ್ರಿಲ್‌ನಿಂದ ಅವತ್ತಿನವರೆಗೆ ಅಷ್ಟೇ ಮಾತು.

ಸೆಪ್ಟೆಂಬರ್ 23

ಪೆಲ್ ಫೋನ್. ಹೆಡ್ಲಿಯ ಸುದ್ದಿ ಗೊತ್ತಿರಲಿಲ್ಲವಂತೆ. ಆಮೇಲೆ ಹೇಳಿದರು, ಕಡತ ಮುಚ್ಚುವ ಮುಂಚೆ ಹಳೆಯ ಚಿತ್ರಗಳನ್ನು ತರಿಸಿದ್ದರಂತೆ. ಯುದ್ಧ ಮುಗಿದ ಮೇಲೆ ವಿಮಾನದಿಂದ ತೆಗೆದವು. ಹದಿನಾಲ್ಕೆಕರೆಯಲ್ಲಿ ಚರ್ಚಿನ ಗೋಡೆಗೆ ಹತ್ತಿಕೊಂಡು ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಹದಿನೈದೋ ಇಪ್ಪತ್ತೋ.

"ಏನಿರಬಹುದು ಅವು?"

ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎನ್ನುವುದು ಮೊದಲೇ ಕಲಿತಿದ್ದರೆ...

ಅಕ್ಟೋಬರ್ 3. ಸಂಜೆ ಐದು

ಪೆಲ್ ಚಿತ್ರ ತಂದಿದ್ದರು. ಕ್ಲೆಮ್‌ನನ್ನೂ ಕರೆದಿದ್ದರು. ನಮ್ಮ ಅಡಿಗೆಮನೆಯಲ್ಲೇ. ಈ ಸಲ ಬೂಟು ಹೊರಗೆ ಬಿಟ್ಟು ಬಂದ. ಕಾಲುಚೀಲದಲ್ಲಿ ತೂತು.

ಚಿತ್ರ ನೋಡಿದವನೇ ಕ್ಲೆಮ್ ಅಂದ: "ಓ ಇದಾ! ಇದು ಆಲೂಗಡ್ಡೆ ಪಟ್ಟಿ. ಯುದ್ಧದಲ್ಲಿ ಮನೆಗೊಂದು ಪಟ್ಟಿ ನೆಲ ಅಂತ ಅಪ್ಪ ಊರವರಿಗೆ ಬಿಟ್ಟುಕೊಟ್ಟಿದ್ದ. ನಾಲ್ಕು ವರ್ಷ ಎಲ್ಲರೂ ಅಗೆದ್ರು. ಗ್ಯಾಮನ್ ಮನೆಯವರು, ಪಾದ್ರಿ, ಎಲ್ಲ."

ಪೆಲ್ ಪೆನ್ನು ಕೆಳಗಿಟ್ಟರು. "ನೀವು ಫಾರಂನಲ್ಲಿ ಯಾವತ್ತೂ ಉತ್ತಿಲ್ಲ ಅಂತ ಬರೆದಿದ್ರಲ್ಲ?"

"ಉತ್ತಿದ್ದಾರಾ ಅಂತ ಕೇಳಿದ್ರಿ. ಇಲ್ಲ ಅಂದೆ. ಅಗೆದಿದ್ದಾರಾ ಅಂತ ಕೇಳಿದ್ರೆ ಹೌದು ಅಂತಿದ್ದೆ. ಸಲಿಕೇಲಿ ಅಗೆಯೋದು ಬೇರೆ, ನೇಗಿಲು ಬೇರೆ."

"ಕುದುರೆ?" ಎಂದೆ ನಾನು. "ಅಪ್ಪ, ಎರಡು ಕುದುರೆ, ಬಿಳಿ ಹಕ್ಕಿ..."

"ಅದು ಹಳ್ಳದ ಆಚೆ ಹೊಲ ಕಣೇ. ನೀನು ನಡೆಯಲ್ಲ ಅಂತ ಹಟ ಮಾಡ್ದೆ. ನಾನೇ ಹೊತ್ಕೊಂಡು ಹೋಗಿದ್ದು."

ಹಾಗಾದರೆ ಎರಡೂ ನಿಜ. ಎರಡು ಹೊಲವನ್ನು ಸೇರಿಸಿ ನಾನು ಒಂದು ಮಾಡಿದ್ದೆ.

ಪೆಲ್ ಚಹಾ ಕುಡಿಯುತ್ತ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಸಹಜವಾಗಿ ಅಂದರು: "ಗೋಡೆ ಪಕ್ಕ ಮಾತ್ರ ಅಂತ ಒಬ್ಬರು ಬರೆದಿದ್ರೂ ಸಾಕಾಗಿತ್ತು. ಅಗೆಯುವವರಿಗೆ ಕಾಯದೆ ಒಂದು ಸಣ್ಣ ಗುಂಡಿ ತೋಡಿ ನೇರವಾಗಿ ಅಲ್ಲೇ ನೋಡ್ತಿದ್ವಿ. ಮೇ ತಿಂಗಳಲ್ಲೇ ಮುಗಿದುಹೋಗ್ತಿತ್ತು."

ಮೇ ತಿಂಗಳಲ್ಲಿ.

ಕ್ಲೆಮ್ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಬಿಸ್ಕತ್ತಿನ ತಟ್ಟೆ ಪೆಲ್ ಕಡೆಗೆ ಸರಿಸಿದೆ. ಇನ್ನೊಂದು ತಗೊಳ್ಳಿ ಎಂದೆ.

ಅಕ್ಟೋಬರ್ 4

ಒಂದು ಮಾತು ಕೇಳಿದ್ದರೆ ಸಾಕಿತ್ತು. ಕ್ಲೆಮ್, ಗೋಡೆ ಪಕ್ಕ ಆಲೂಗಡ್ಡೆ ಬೆಳೆದಿದ್ದರಾ ಎಂದು. ಮುನ್ನೂರು ಹೆಜ್ಜೆ ಅವನ ಮನೆಗೆ. ಕೇಳಲಿಲ್ಲ. ಅವನು ಬಂದಾಗಲಾದರೂ ಕೇಳಬಹುದಿತ್ತು. ಅವನಾದರೂ ಹೇಳಬಹುದಿತ್ತು. ಪಟ್ಟಿ ಎಂಬ ಒಂದು ಪದ.

ಯಾರ ತಪ್ಪು? ಬೆಳಿಗ್ಗೆ ನನ್ನದು ಅನ್ನಿಸಿತು. ಮಧ್ಯಾಹ್ನ ಅವನದು. ಈಗ ಫಾರಂ ಬರೆದವರದ್ದು. ನಾಳೆ ಮತ್ತೆ ನನ್ನದಾಗುತ್ತದೆ.

ಅಕ್ಟೋಬರ್ 21

ಗೋಡೆ ಪಕ್ಕ ಸಣ್ಣ ಗುಂಡಿ. ಎರಡಡಿ ಆಳದವರೆಗೆ ಎಲ್ಲ ಕಲಸಿದ ಕಪ್ಪು ಮಣ್ಣು. ನೀಲಿ ತಟ್ಟೆಯ ಚೂರು, ಮಣ್ಣು ಅಗೆಯುವ ಮುಳ್ಳುಗೋಲಿನ ಒಂದು ಕಬ್ಬಿಣದ ಹಲ್ಲು, ಮೂಳೆಯಿಂದ ಮಾಡಿದ ಅಂಗಿ ಗುಂಡಿ ಒಂದು. ಹಳೆಯದೇನೂ ಉಳಿದಿಲ್ಲ. ಒಂದೆಕರೆಗೆ ಒಪ್ಪಿಗೆ. ಉಳಿದ ಹದಿಮೂರನ್ನು ಯಾರೂ ಮುಟ್ಟುವಂತಿಲ್ಲ.

ನೊರೀನ್ ಓಡಿ ಬಂದು ತಬ್ಬಿಕೊಂಡಳು. ಆಮೇಲೆ ನೆನಪಾಯಿತೇನೋ, ಬಿಟ್ಟಳು.

ನವೆಂಬರ್ 6

ಕ್ಲೆಮ್ ಹಂದಿಮಾಂಸದ ಕಡುಬು ತಂದ. ಕೊಂಡದ್ದು. ಒಲೆ ಮುಂದೆ ಕೂತು ಟೋಪಿ ತಿರುಗಿಸುತ್ತಿದ್ದ.

"ಹೊಸ ಜಾಗದಲ್ಲಿ ಎರಡು ಬರೆಸಿದೀನಿ. ಗೋಡೆಗೆ ಹತ್ತಿದ್ದು. ಒಂದು ನಂದು."

"ಇನ್ನೊಂದು?"

"ನಿಂದು. ಮತ್ಯಾರಿದಾರೆ ನನಗೆ?"

"ನನ್ನ ಕೇಳಲೇ ಇಲ್ಲವಲ್ಲ."

"ಕೇಳಿದ್ರೆ ಬೇಡ ಅಂತಿದ್ದೆ."

"ಹೆಡ್ಲಿ?"

"ಅಲ್ಲಿಂದ ಎಬ್ಬಿಸಿ ತರೋಣ, ನಿನ್ನ ಪಕ್ಕಕ್ಕೆ ಇನ್ನೊಂದು ಬರೆಸೋಣ. ಪಾದ್ರಿ ಹತ್ರ ವಿಚಾರಿಸ್ದೆ. ಕಷ್ಟ ಅಂದ್ರು, ಆಗಲ್ಲ ಅನ್ನಲಿಲ್ಲ. ಸರ್ಕಾರದ ಕಾಗದ ಬೇಕಂತೆ, ಬಿಷಪ್ಪರ ಕಾಗದ ಬೇಕಂತೆ. ಇನ್ನೂ ಒಂದಷ್ಟು ಫಾರಂ."

ಫಾರಂ ಎಂದಾಗ ಇಬ್ಬರಿಗೂ ನಗು ಬಂತು. ನಗಬಾರದಿತ್ತು. ಅವನಿಗೆ ಕಣ್ಣಲ್ಲಿ ನೀರು. ನಕ್ಕಿದ್ದಕ್ಕೋ ಏನೋ. ಎಪ್ಪತ್ತು ವರ್ಷದವನು.

ಏಪ್ರಿಲ್‌ನಲ್ಲಿ ಅವನಿಗೆ ಏನೆಂದೆನೋ ಅದನ್ನು ಅವನು ಮರೆತಿಲ್ಲ. ಮತ್ಯಾರಿದಾರೆ ಎಂದದ್ದು ಅದಕ್ಕೇ.

ನವೆಂಬರ್ 9. ಭಾನುವಾರ

ಕ್ಲೆಮ್‌ನ ವ್ಯಾನಿನಲ್ಲಿ ಪಟ್ಟಣಕ್ಕೆ. ಮಣ್ಣು ಇಳಿದು ತಗ್ಗಾಗಿತ್ತು. ಕ್ಲೆಮ್ ಹಿಂದಿನಿಂದ ಸಲಿಕೆ ತೆಗೆದ, ಒಂದಿಷ್ಟು ಮಣ್ಣು ಹಾಕಿ ಅಂಚು ನೇರ ಮಾಡಿದ. ಕಾವಲಿನವನು ಬಂದು ಹಂಗೆಲ್ಲ ಮಾಡಬಾರದು ಎಂದ. ಕ್ಲೆಮ್ ಅವನ ಕಡೆ ನೋಡಲೂ ಇಲ್ಲ.

ಎಬ್ಬಿಸುವುದಾ? ಹೆಡ್ಲಿ ತಾನು ತೋಡಿದ ಮುನ್ನೂರರಲ್ಲಿ ಒಂದನ್ನೂ ಮತ್ತೆ ತೆರೆದದ್ದಿಲ್ಲ. ಒಮ್ಮೆ ಯಾರೋ ಕೇಳಿಕೊಂಡು ಬಂದಾಗ ಬೈದು ಕಳಿಸಿದ್ದ. ಮಲಗಿದವರನ್ನ ಮಲಗೋಕೆ ಬಿಡಿ ಎಂದು. ಆದರೆ ತನ್ನ ವಿಷಯಕ್ಕೆ ಏನೆನ್ನುತ್ತಿದ್ದ? ಪಟ್ಟಣಕ್ಕೆ ಒಯ್ಯಬೇಡ ಎಂದದ್ದೂ ಅವನೇ. ಎರಡು ಮಾತಿನಲ್ಲಿ ಯಾವುದನ್ನು ಹಿಡಿಯಲಿ?

ಬಲಗಡೆ ಇನ್ನೂ ಖಾಲಿ ಇದೆ. ಹೆಜ್ಜೆ ಹಾಕಿ ಅಳೆದೆ. ಸಾಕು ನನಗೆ.

ನವೆಂಬರ್ 12

ಬಲಗಡೆಯದನ್ನು ನನ್ನ ಹೆಸರಿಗೆ ಬರೆಸಿದೆ. ಫೋನಿನಲ್ಲೇ ಆಗಿಹೋಯಿತು, ಐದು ನಿಮಿಷ. ಎಬ್ಬಿಸುವುದು ಬೇಡ. ಸರಿಯೋ ತಪ್ಪೋ.

ಇನ್ನು ಕ್ಲೆಮ್. ಗೋಡೆ ಪಕ್ಕ ಎರಡು ಜಾಗ ಹಿಡಿದು ಕೂತಿದ್ದಾನೆ.

ನವೆಂಬರ್ 14. ಬೆಳಿಗ್ಗೆ ಹತ್ತು

ಮಧ್ಯಾಹ್ನ ಊಟಕ್ಕೆ ಕ್ಲೆಮ್ ಬರುತ್ತಾನೆ. ಕುರಿ ಮಾಂಸ ಒಲೆಯ ಮೇಲಿದೆ, ಹಿಟ್ಟಿನ ಉಂಡೆ ಇನ್ನೂ ಕಟ್ಟಬೇಕು.

ಹೇಗೆ ಹೇಳುವುದೆಂದು ಇಲ್ಲೇ ಬರೆದುಕೊಳ್ಳುತ್ತೇನೆ, ಬಾಯಿಗೆ ಬಂದದ್ದು ಹೇಳಿ ಏಪ್ರಿಲ್‌ನಂತೆ ಆಗಬಾರದು. ಕ್ಲೆಮ್, ಹೆಡ್ಲಿಗೆ ಅಲ್ಲಿ ಯಾರೂ ಗೊತ್ತಿಲ್ಲ. ನಿನಗಾದರೆ ಇಲ್ಲಿ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಗೋಡೆಯ ಆಚೆಗೇ. ಊರೇ ಇದೆ. ಆ ಇನ್ನೊಂದು ಜಾಗವನ್ನು ಯಾರಿಗಾದರೂ ಬಿಟ್ಟುಕೊಡು. ಹಾಗೆಂದು ನೀನು ನನಗೆ ಬೇಡ ಅಂತಲ್ಲ.

ಕೋಪಕ್ಕೆ ಹೀಗೆ ಮಾಡಿದಳು ಅಂದುಕೊಳ್ಳಬಾರದು. ಕೋಪವಿಲ್ಲ ಎಂದೂ ಹೇಳಬೇಕು. ಹೇಳಬಹುದು, ಅದೇನು ಕಷ್ಟವಲ್ಲ, ಆದರೆ ಮೊದಲು ಇಲ್ಲವಾ ಎಂದು ನನಗೇ ಸರಿಯಾಗಿ ಗೊತ್ತಾಗಬೇಕಲ್ಲ.